ಗುರುತಿಲ್ಲದ ಸಮಾಧಿ: ಮಿಚೆಲ್ ಮನೆತನದ ಚರಿತ್ರೆ



ಧರ್ಮಕೇಂದ್ರವೊಂದರ ಜ್ಞಾನಸ್ನಾನದ ಮತ್ತು ಮರಣದ ದಾಖಲೆಗಳನ್ನು ತಿರುವಿ ಹಾಕುವಾಗ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಮನೆಯ ಕಥೆ ಅಡಗಿರುವುದನ್ನು ನಾವು ಕಾಣುತ್ತೇವೆ. ಅಂತರ್ಯುದ್ಧದಲ್ಲಿ ಮಡಿದ ತರುಣ ಸೈನಿಕನೊಬ್ಬನ ಮನೆತನದ ಕಥೆಯನ್ನು ಇಲ್ಲಿ ಸ್ಮರಿಸಬಯಸುತ್ತೇವೆ. ಅವನ ಹೆಸರು ವಿಲಿಯಂ ಮಿಚೆಲ್; ಮನೆಯವರಿಗೆ ವಿಲ್ಲಿ.

ಅವನ ತಂದೆ ಜಾನ್ ಮಿಚೆಲ್ 1815ರಲ್ಲಿ ಐರ್ಲೆಂಡಿನ ಉತ್ತರ ಭಾಗದಲ್ಲಿ, ಪ್ರೆಸ್ಬಿಟೇರಿಯನ್ ಬೋಧಕರ ಮಗನಾಗಿ ಜನಿಸಿದರು. ಆಲೂಗಡ್ಡೆಯ ಬೆಳೆ ನಾಶವಾಗಿ ಭೀಕರ ಕ್ಷಾಮ ತಲೆದೋರಿದಾಗ, ಜನ ಹಸಿವಿನಿಂದ ಸಾಯುತ್ತಿದ್ದರೂ ನಾಡಿನ ಧಾನ್ಯ ಹಡಗೇರಿ ಹೋಗುತ್ತಿದ್ದುದನ್ನು ಕಂಡು ಅವರು ಕುದಿದರು. 1848ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ ಬಂಡಾಯಕ್ಕೆ ಕರೆಕೊಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಅವರಿಗೆ 14 ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಮೊದಲು ಬರ್ಮುಡಾ, ಬಳಿಕ ಇಂದಿನ ಟಾಸ್ಮೇನಿಯಾ. ಪತ್ನಿ ಜೇನ್ ಮಕ್ಕಳನ್ನು ಕಟ್ಟಿಕೊಂಡು ಸಾಗರಗಳನ್ನು ದಾಟಿ ಪತಿಯನ್ನು ಸೇರಿಕೊಂಡರು. 1853ರಲ್ಲಿ ಮಿಚೆಲ್ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದರು.

ಇಲ್ಲಿಂದ ಮುಂದಿನದು ದುಃಖದ ಅಧ್ಯಾಯ. ತನ್ನ ನಾಡಿನ ಬಿಡುಗಡೆಗಾಗಿ ಸಂಕೋಲೆ ತೊಟ್ಟ ಅದೇ ಮನುಷ್ಯ ಕರಿಯ ಜನರ ಗುಲಾಮಗಿರಿಯನ್ನು ಸಮರ್ಥಿಸಿ ಬರೆಯತೊಡಗಿದರು. ಗುಲಾಮರ ವ್ಯಾಪಾರವನ್ನು 1839ರಲ್ಲೇ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಖಂಡಿಸಿದ್ದರು. ಐರಿಷ್ ನಾಯಕ ಡೇನಿಯಲ್ ಓಕಾನಲ್ ಗುಲಾಮಗಿರಿಯನ್ನು ಜೀವನವಿಡೀ ವಿರೋಧಿಸಿದ್ದರು. ಮಿಚೆಲ್ ಅದಾವುದಕ್ಕೂ ಕಿವಿಗೊಡಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಮಿಚೆಲರ ಹಿರಿಯ ಮಕ್ಕಳಿಬ್ಬರು, ಜಾನ್ ಮತ್ತು ಜೇಮ್ಸ್, ದಕ್ಷಿಣದ ಸೈನ್ಯವನ್ನು ಸೇರಿದರು. ಪ್ಯಾರಿಸಿನಲ್ಲಿದ್ದ ತಂದೆ 1862ರಲ್ಲಿ ಕಿರಿಯ ಮಗ ವಿಲ್ಲಿಯನ್ನೂ ಕರೆತಂದರು. ಅವನು ವರ್ಜೀನಿಯಾದ ಒಂದನೆಯ ಪದಾತಿದಳದಲ್ಲಿ ಸಾಮಾನ್ಯ ಸಿಪಾಯಿಯಾದ. ಅತ್ತ ಮಿಚೆಲರ ಹಳೆಯ ಸಂಗಡಿಗ, ಅವರಂತೆಯೇ ಗಡೀಪಾರಾಗಿದ್ದ ಥಾಮಸ್ ಫ್ರಾನ್ಸಿಸ್ ಮೆಯರ್, ಉತ್ತರದ ಪರವಾಗಿ ಐರಿಷ್ ಬ್ರಿಗೇಡನ್ನು ಕಟ್ಟಿದ್ದರು. ಒಂದೇ ತಾಯ್ನಾಡಿನ ಮಕ್ಕಳು ಎರಡು ಪಾಳೆಯಗಳಲ್ಲಿ ನಿಂತರು.

1863ರ ಜುಲೈ 2ರಂದು ಗೆಟಿಸ್‌ಬರ್ಗ್ ರಣರಂಗದಲ್ಲಿ ಸ್ವಾಮಿ ವಿಲಿಯಂ ಕಾರ್ಬಿಯವರು ಬಂಡೆಯೊಂದರ ಮೇಲೆ ನಿಂತು ಐರಿಷ್ ಬ್ರಿಗೇಡಿನ ಯೋಧರೆಲ್ಲರಿಗೂ ಸಾಮೂಹಿಕ ಪಾಪಕ್ಷಮೆ ನೀಡಿದರು. ಮರುದಿನ ಮಧ್ಯಾಹ್ನ ದಕ್ಷಿಣದ ಸುಮಾರು 12,500 ಮಂದಿ ಬಯಲನ್ನು ದಾಟಿ ಮುನ್ನುಗ್ಗಿದರು. ಅವರಲ್ಲಿ ವಿಲ್ಲಿಯೂ ಇದ್ದ. ಎದುರಿನ ಕಲ್ಲುಗೋಡೆಯ ಹಿಂದೆ ನಿಂತವರಲ್ಲಿ ಪೆನ್ಸಿಲ್ವೇನಿಯಾದ 69ನೆಯ ದಳದ ಐರಿಷರಿದ್ದರು. ವಿಲ್ಲಿ ಅಲ್ಲಿಯೇ ಬಿದ್ದ. ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಅವನ ಸಮಾಧಿ ಇಂತಹದೆಂದು ಗುರುತಿಲ್ಲ.

ಅದೇ ವರ್ಷ, ಪ್ಯಾರಿಸಿನಲ್ಲಿ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ್ದ ಮಗಳು ಹೆನ್ರಿಯೆಟ್ಟಾ ತೀರಿಕೊಂಡಳು. 1864ರ ಜುಲೈ 20ರಂದು ಸಮ್ಟರ್ ಕೋಟೆಯ ಅಧಿಪತಿಯಾಗಿದ್ದ ಹಿರಿಯ ಮಗ ಜಾನ್ ಶೆಲ್ ಸಿಡಿದು ಮಡಿದ. ಜೇಮ್ಸ್ ಒಂದು ತೋಳನ್ನು ಕಳೆದುಕೊಂಡು ಉಳಿದ. ಒಂದು ವರ್ಷದ ಆಸುಪಾಸಿನಲ್ಲಿ ಆ ತಾಯಿ ಮೂವರು ಮಕ್ಕಳನ್ನು ಕಳೆದುಕೊಂಡಳು.

ತಂದೆ 1875ರಲ್ಲಿ ಐರ್ಲೆಂಡಿಗೆ ಮರಳಿ, ಟಿಪ್ಪರೇರಿಯಿಂದ ಸಂಸತ್ತಿಗೆ ಆಯ್ಕೆಯಾಗಿ, ಅಪರಾಧಿಯೆಂಬ ಕಾರಣದಿಂದ ಅನರ್ಹರಾಗಿ, ಅದೇ ಮಾರ್ಚಿಯಲ್ಲಿ ನಿಧನರಾದರು. ಜೇಮ್ಸನ ಮಗ, ಕಥೋಲಿಕನಾದ ಜಾನ್ ಪರಾಯ್ ಮಿಚೆಲ್, 1914ರಲ್ಲಿ ನ್ಯೂಯಾರ್ಕಿನ ಮೇಯರನಾದ. 1918ರಲ್ಲಿ ಸೈನಿಕ ವಿಮಾನ ತರಬೇತಿಯಲ್ಲಿ ಅವನೂ ಮಡಿದ.

ವಿಲ್ಲಿಯ ಧೈರ್ಯವನ್ನು ನಾವು ಹಳಿಯಲಾರೆವು. ಅವನು ಸತ್ತ ಪಕ್ಷವನ್ನು ಹೊಗಳಲೂ ಆರೆವು. ಮಕ್ಕಳು ತಂದೆತಾಯಂದಿರಿಂದ ಹೊಲಮನೆಗಳನ್ನು ಮಾತ್ರವಲ್ಲ, ಅವರ ದ್ವೇಷಾಭಿಮಾನಗಳನ್ನೂ ಪಿತ್ರಾರ್ಜಿತವಾಗಿ ಪಡೆಯುತ್ತಾರೆ. ನಮಗಾಗಿ ಬಯಸುವ ಬಿಡುಗಡೆಯನ್ನು ನೆರೆಯವನಿಗೆ ನಿರಾಕರಿಸುವ ಮನೆಯಲ್ಲಿ ಆ ಸಾಲವನ್ನು ತೀರಿಸಬೇಕಾದವರು ಎಳೆಯರೇ. ಹೆಸರಿಲ್ಲದೆ ಮಣ್ಣಾದ ಆ ತರುಣನನ್ನೂ, ಅವನೆದುರು ನಿಂತು ಮಡಿದವರನ್ನೂ ಒಂದೇ ಪ್ರಾರ್ಥನೆಯಲ್ಲಿ ನೆನೆಯೋಣ. ಪ್ರಭು ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.