ಟೈಮ್‌ಔಟ್ (ಕಮಾಂಡ್)

ಟೈಮ್‌ಔಟ್ ಎಂಬುದು ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಇನ್ನೊಂದು ಪ್ರೋಗ್ರಾಮನ್ನು ಗೊತ್ತುಪಡಿಸಿದ ಹೊತ್ತಿನವರೆಗೆ ಮಾತ್ರ ಓಡಗೊಟ್ಟು, ಗಡುವು ಮೀರಿದರೆ ನಿಲ್ಲಿಸುವ ಕಮಾಂಡ್. ಲೆಕ್ಕಕ್ಕೆ ಬರುವುದು ಗೋಡೆ ಗಡಿಯಾರದ ಸಮಯ, ಪ್ರೊಸೆಸರ್ ದುಡಿದ ಸಮಯವಲ್ಲ.

ಯಂತ್ರವೇ ದುಬಾರಿಯಾಗಿದ್ದ ಕಾಲದಲ್ಲಿ ಮುಖ್ಯವಾಗಿ ಅಳೆಯುತ್ತಿದ್ದದ್ದು ದುಡಿಮೆಯನ್ನು. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಪ್ರೊಸೆಸರ್ ಸಮಯದ ಮಿತಿ ದಾಟಿದ ಕೆಲಸ 322 ಎಂಬ ಸಂಕೇತ ಹೊತ್ತು ರದ್ದಾಗುತ್ತಿತ್ತು. ಏನೂ ಮಾಡದೆ ಕಾದು ಕುಳಿತೇ ಹೊತ್ತು ಕಳೆದದ್ದಕ್ಕೆ 522 ಎಂಬ ಬೇರೆ ಸಂಕೇತವಿತ್ತು. ಯುನಿಕ್ಸ್ ಶೆಲ್‌ಗಳ ‘ಯುಲಿಮಿಟ್ -ಟಿ’ ಮೊದಲನೆಯದನ್ನಷ್ಟೇ ಹಿಡಿಯುತ್ತದೆ. ನೆಟ್‌ವರ್ಕ್‌ನಿಂದ ಬಾರದ ಉತ್ತರಕ್ಕಾಗಿ ಮಲಗಿರುವ ಪ್ರೋಗ್ರಾಂ ಅದರ ಕೈಗೆ ಸಿಗುವುದೇ ಇಲ್ಲ.

1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ‘ಅಲಾರ್ಮ್’ ಎಂಬ ಸಿಸ್ಟಂ ಕರೆ ಇತ್ತು. ಇಷ್ಟು ಸೆಕೆಂಡಿನ ನಂತರ ಎಬ್ಬಿಸು ಎಂದು ಪ್ರೋಗ್ರಾಂ ತನಗೆ ತಾನೇ ಹೇಳಿಕೊಳ್ಳುವ ಏರ್ಪಾಡು ಅದು. ಎಕ್ಸೆಕ್ ಆಗಿ ಪ್ರಕ್ರಿಯೆ ಬೇರೆ ಪ್ರೋಗ್ರಾಮಾದ ಮೇಲೂ ಅಲಾರ್ಮ್ ಉಳಿಯುವುದರಿಂದ, ಮತ್ತು ಅದನ್ನು ನಿಭಾಯಿಸದ ಪ್ರೋಗ್ರಾಂ ಸಾಯುವುದರಿಂದ, ಪರ್ಲ್‌ನ ಒಂದೇ ಸಾಲಿನಲ್ಲಿ ಅಲಾರ್ಮ್ ಇಟ್ಟು ಬೇರೆ ಪ್ರೋಗ್ರಾಮಾಗಿ ಮಾರ್ಪಡುವ ಉಪಾಯ ಬಳಕೆಗೆ ಬಂತು. ಫೋರ್ಕ್‌ನಿಂದ, ಅಂದರೆ ತನ್ನದೇ ನಕಲಾಗಿ, ಹುಟ್ಟಿದ ಮಕ್ಕಳಿಗೆ ಮಾತ್ರ ಅದು ದಾಟುವುದಿಲ್ಲ. ತಾಯಿ ಸತ್ತರೂ ಅವು ಓಡುತ್ತಲೇ ಇರಬಹುದು. ಹಿನ್ನೆಲೆಯಲ್ಲಿ ‘ಸ್ಲೀಪ್’ ಓಡಿಸಿ ಆಮೇಲೆ ‘ಕಿಲ್’ ಮಾಡುವ ಶೆಲ್ ದಾರಿ ಇನ್ನೂ ಅಪಾಯದ್ದು. ಅಷ್ಟರಲ್ಲಿ ಆ ಪ್ರಕ್ರಿಯೆಯ ಸಂಖ್ಯೆ ಬೇರೊಂದಕ್ಕೆ ಸಿಕ್ಕಿದ್ದರೆ ಏಟು ನಿರಪರಾಧಿಗೆ ಬೀಳುತ್ತದೆ.

1995ರಲ್ಲಿ ಡ್ಯಾನ್ ಫಾರ್ಮರ್ ಮತ್ತು ವೀಟ್ಸೆ ವೆನೆಮಾ ಹೊರತಂದ ‘ಸೇಟನ್’ ಎಂಬ ಭದ್ರತಾ ಪರೀಕ್ಷಕದ ಜತೆ ಟೈಮ್‌ಔಟ್ ಎಂಬ ಹೆಸರಿನ ಪುಟ್ಟ ಸಾಧನವಿತ್ತು. ಮೂಲ ಕಮಾಂಡ್‌ಗಳ ಕಟ್ಟಾದ ಗ್ನೂ ಕೋರ್‌ಯುಟಿಲ್ಸ್‌ಗೆ ಟೈಮ್‌ಔಟ್ ಸೇರಿದ್ದು 2008ರ 7.0 ಆವೃತ್ತಿಯಲ್ಲಿ, ಬರೆದವರು ಪಾಡ್ರಿಗ್ ಬ್ರೇಡಿ. ಇದು ಪ್ರತ್ಯೇಕ ಪ್ರಕ್ರಿಯಾ ಗುಂಪು ಕಟ್ಟಿಕೊಂಡು ಇಡೀ ಗುಂಪಿಗೇ ಸಿಗ್ನಲ್ ಕಳಿಸುವುದರಿಂದ ಮಕ್ಕಳ ತೊಡಕು ಬಹುಮಟ್ಟಿಗೆ ಬಗೆಹರಿಯಿತು. ಮೊದಲು ಹೋಗುವುದು ನಿಲ್ಲು ಎಂದು ಕೇಳುವ ಟರ್ಮ್ ಸಿಗ್ನಲ್. ಪ್ರೋಗ್ರಾಂ ಅದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ, ‘-ಕೆ’ ಕೊಟ್ಟಿದ್ದಲ್ಲಿ, ತಪ್ಪಿಸಿಕೊಳ್ಳಲಾಗದ ಕಿಲ್ ಸಿಗ್ನಲ್. ಗಡುವು ಮೀರಿದ್ದಕ್ಕೆ ಗುರುತು 124ರ ನಿರ್ಗಮನ ಸಂಕೇತ. ಕಿಲ್ ಬಳಕೆಯಾದರೆ 137.

ಹಲವು ಕಮಾಂಡ್‌ಗಳನ್ನು ಒಂದರಲ್ಲೇ ಅಡಕಗೊಳಿಸಿದ ಬಿಜಿಬಾಕ್ಸ್‌ನಲ್ಲಿ ಸೆಕೆಂಡುಗಳನ್ನು ‘-ಟಿ’ ಹಚ್ಚಿ ಬರೆಯಬೇಕಿತ್ತು, 1.30ನೇ ಆವೃತ್ತಿ ಗ್ನೂ ರೀತಿಗೆ ಬದಲಾದಾಗ ಹಳೆಯ ಸ್ಕ್ರಿಪ್ಟ್‌ಗಳು ಮುರಿದವು. ವಿಂಡೋಸ್‌ನ ಟೈಮ್‌ಔಟ್ ಹೆಸರಿನಲ್ಲಷ್ಟೇ ನೆಂಟ: ಅದು ಯಾರನ್ನೂ ನಿಲ್ಲಿಸುವುದಿಲ್ಲ, ತಾನೇ ಸುಮ್ಮನೆ ಕಾಯುತ್ತದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪೋಸಿಕ್ಸ್ ಮಾನಕಕ್ಕೆ ಯುನಿಕ್ಸ್‌ನ ಟೈಮ್‌ಔಟ್ ಸೇರಿದ್ದು 2024ರಲ್ಲಿ, ಅಲಾರ್ಮ್ ಬಂದು 45 ವರ್ಷಗಳ ಮೇಲೆ.