ಕಂಟ್ರೋಲು ಎಂಬ ಎದುರುಸುರುಳಿ

ರೇಷನ್ ಅಂಗಡಿಯನ್ನು ‘ಕಂಟ್ರೋಲ್ ಅಂಗಡಿ’ ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಎರಡನೇ ಮಹಾಯುದ್ಧದ ಕಾಲದ ಧಾನ್ಯದ ಕಟ್ಟುಪಾಡು ಹೋಗಿ ಎಷ್ಟೋ ಕಾಲವಾದರೂ ಪದ ಮಾತ್ರ ಆ ಅಂಗಡಿಯ ಜಗಲಿ ಬಿಟ್ಟು ಎದ್ದಿಲ್ಲ. ಹುಡುಗ ‘ಕಂಟ್ರೋಲಿಗೇ ಸಿಗ್ತಿಲ್ಲ’ ಎನ್ನುವಾಗ, ಸಕ್ಕರೆ ಕಾಯಿಲೆ ‘ಕಂಟ್ರೋಲಲ್ಲಿದೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಅಂಕೆ, ಹಿಡಿತ. ಈ ಪದ ಹುಟ್ಟಿದ್ದು ಮಾತ್ರ ಲೆಕ್ಕದ ಮನೆಯಲ್ಲಿ.

ಮಧ್ಯಯುಗದ ಲ್ಯಾಟಿನ್ನಿನಲ್ಲಿ ಇದು ‘ಕಾಂಟ್ರಾರೊಟುಲಸ್’. ಕಾಂಟ್ರಾ ಎಂದರೆ ಎದುರು, ರೊಟುಲಸ್ ಎಂದರೆ ಸುರುಳಿ. ತೊಗಲಿನ ಹಾಳೆಗಳನ್ನು ಹೊಲಿದು ಸುತ್ತಿಟ್ಟ ಸುರುಳಿಯೇ ಆಗಿನ ಖಾತೆ. ವಸೂಲಿ ಮಾಡುವವನು ಒಂದು ಸುರುಳಿ ಬರೆದರೆ, ಬೇರೊಬ್ಬ ಅದೇ ವಹಿವಾಟನ್ನು ಇನ್ನೊಂದರಲ್ಲಿ ಬರೆದಿಡಬೇಕು. ಆಮೇಲೆ ಎರಡನ್ನೂ ತಾಳೆ ನೋಡಬೇಕು. ಆ ಎರಡನೆಯದೇ ಎದುರುಸುರುಳಿ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದರ ಕೆಲಸ ಇದೇ ಆಗಿತ್ತು. ‘ಕ್ಯಾಂಟರ್ಬರಿ ಕಥೆಗಳ’ ಕವಿ ಚಾಸರ್ 1374ರಲ್ಲಿ ಲಂಡನ್ ಬಂದರಿನ ಉಣ್ಣೆ ಸುಂಕದ ಕಂಟ್ರೋಲರ್ ಆಗಿ ನೇಮಕವಾದ. ಸುಂಕ ಎತ್ತುವವರು ಬೇರೆ. ಅವರ ಲೆಕ್ಕಕ್ಕೆ ಎದುರಾಗಿ ತನ್ನ ಲೆಕ್ಕ ಇಡುವುದು ಇವನ ಪಾಲಿನ ಕೆಲಸ. ಗುಮಾಸ್ತನಿಂದ ಬರೆಸುವಂತಿಲ್ಲ, ಸುರುಳಿಯನ್ನು ಸ್ವಂತ ಕೈಯಲ್ಲೇ ಬರೆಯಬೇಕು ಎಂಬುದು ನೇಮಕದ ಷರತ್ತು. ಹನ್ನೆರಡು ವರ್ಷ ಈ ಹುದ್ದೆಯಲ್ಲಿದ್ದ ಮನುಷ್ಯ ಕವಿತೆಗೂ ಬಿಡುವು ಮಾಡಿಕೊಂಡನಲ್ಲ ಎಂಬುದೇ ನನಗೆ ಸೋಜಿಗ.

ತಾಳೆ ನೋಡುವವನಿಗೆ ತಡೆಯುವ ಬಲವೂ ಇರುತ್ತದೆ. ಆ ಬಲವೇ ಮೆಲ್ಲಗೆ ಪದದ ಮುಖ್ಯಾರ್ಥವಾಗಿ, ಲೆಕ್ಕ ಹಿಂದೆ ಸರಿಯಿತು. ಫ್ರೆಂಚಿನಲ್ಲಿ ಹಾಗಾಗಲಿಲ್ಲ, ಅಲ್ಲಿ ‘ಕಾಂತ್ರೋಲರ್’ ಎಂದರೆ ಇವತ್ತಿಗೂ ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬರುವವನು.

ನಾವು ಇದಕ್ಕೆ ಕೊಟ್ಟ ‘ನಿಯಂತ್ರಣ’ದ ಕುಲ ಬೇರೆ. ಅದರ ಬೇರು ‘ಯಮ್’, ಎಂದರೆ ಹಿಡಿದು ನಿಲ್ಲಿಸು. ಸಂಸ್ಕೃತದಲ್ಲಿ ‘ಯಂತೃ’ ಎಂದರೆ ಸಾರಥಿ, ಮಾವುತ. ಇನ್ನು ರೊಟುಲಸ್ ಎಂಬುದರ ಮೂಲ ರೊಟಾ, ಎಂದರೆ ಗಾಲಿ. ನಮ್ಮ ‘ರಥ’ಕ್ಕೆ ಅದು ದೂರದ ದಾಯಾದಿ. ಒಂದು ಪದದ ಹೊಟ್ಟೆಯಲ್ಲಿ ರಥ, ಇನ್ನೊಂದರಲ್ಲಿ ಸಾರಥಿ. ಆದರೂ ಲಗಾಮು ಎಳೆಯುವುದೂ ಲೆಕ್ಕ ತಾಳೆ ನೋಡುವುದೂ ಒಂದೇ ಕೆಲಸವಲ್ಲ.

ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕೆಂದರೆ ಮೇಜಿನ ಮೇಲೆ ಓಡುವ ಮಾದರಿ ರೈಲನ್ನು ನೋಡಬೇಕು. ಹಳೆಯ ಪದ್ಧತಿಯಲ್ಲಿ ಗುಂಡಿ ತಿರುಗಿಸಿದರೆ ಹಳಿಯ ವೋಲ್ಟೇಜ್ ಏರುತ್ತಿತ್ತು, ಇಳಿಯುತ್ತಿತ್ತು. ನಾವು ಆಳುತ್ತಿದ್ದುದು ಹಳಿಯನ್ನು, ಎಂಜಿನನ್ನಲ್ಲ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಅದನ್ನು ತಪ್ಪಿಸಲು ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ತುಂಡಿಗೊಂದು ಸ್ವಿಚ್ ಹಾಕಬೇಕಿತ್ತು. ಇದು ಶುದ್ಧ ಲಗಾಮು.

ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದ ಮೊದಲರ್ಧದಲ್ಲಿ ಒಂದು ಮಾನಕ ಹೊರಡಿಸಿತು. ಹೆಸರು ಡಿಜಿಟಲ್ ಕಮಾಂಡ್ ಕಂಟ್ರೋಲ್, ಬಳಕೆಯಲ್ಲಿ ಡಿಸಿಸಿ. ಇದರಲ್ಲಿ ಹಳಿಯ ವಿದ್ಯುತ್ತು ಏರಿಳಿಯುವುದಿಲ್ಲ. ಅದೇ ವಿದ್ಯುತ್ತಿನಲ್ಲಿ ಸಂದೇಶ ಹರಿಯುತ್ತದೆ. ಅರೆ ಮಿಡಿತ 58 ಮೈಕ್ರೊಸೆಕೆಂಡಿನದಾದರೆ ‘ಒಂದು’, 100 ಅಥವಾ ಹೆಚ್ಚಾದರೆ ‘ಸೊನ್ನೆ’. ಪ್ರತಿ ಎಂಜಿನ್ನಿನೊಳಗೂ ಒಂದು ಡಿಕೋಡರ್ ಕೂತು ತನ್ನ ನಂಬರಿನ ಸಂದೇಶವನ್ನಷ್ಟೇ ಆರಿಸಿಕೊಳ್ಳುತ್ತದೆ.

ಆ ಸಂದೇಶವನ್ನು ಬಿಡಿಸಿ ನೋಡಿ. ಮೊದಲ ಬೈಟ್ ವಿಳಾಸ: 00000011, ಎಂದರೆ 3ನೇ ನಂಬರಿನ ಎಂಜಿನ್. ಎರಡನೆಯದು ಆಜ್ಞೆ: 01101000, ಎಂದರೆ ಮುಂದಕ್ಕೆ, ಇಷ್ಟು ವೇಗದಲ್ಲಿ. ಮೂರನೆಯದು 01101011. ಇದು ವಿಳಾಸವೂ ಅಲ್ಲ, ಆಜ್ಞೆಯೂ ಅಲ್ಲ. ಮೇಲಿನೆರಡನ್ನೂ ಸ್ಥಾನ ಸ್ಥಾನಕ್ಕೆ ಎದುರಿಟ್ಟು, ಅಂಕೆ ಒಂದೇ ಆಗಿದ್ದರೆ ಸೊನ್ನೆ, ಬೇರೆಯಾಗಿದ್ದರೆ ಒಂದು ಬರೆದು ಪಡೆದ ಸಾಲು. ಡಿಕೋಡರ್ ತಾನೂ ಅದೇ ಲೆಕ್ಕ ಹಾಕುತ್ತದೆ. ಕೂಡಿಬರದಿದ್ದರೆ, ಗಾಲಿಗೆ ಕೊಳೆ ಅಂಟಿ ಸಂದೇಶ ಕೆಟ್ಟಿದೆ ಎಂದು ಆ ಆಜ್ಞೆಯನ್ನು ಕಿವಿಗೇ ಹಾಕಿಕೊಳ್ಳದೆ ಮುಂದಿನದಕ್ಕೆ ಕಾಯುತ್ತದೆ. ಚಾಸರನ ಸುರುಳಿ ಮೂರನೇ ಬೈಟಾಗಿ ಕೂತಿದೆ! ಡಿಸಿಸಿ ಎಂಬ ಹೆಸರಿಟ್ಟವರಿಗೆ ಈ ಹಳೆಯ ನೆಂಟಸ್ತನ ಮನಸ್ಸಿನಲ್ಲಿದ್ದಿರಲಾರದು. ಪದಕ್ಕೆ ಮಾತ್ರ ತನ್ನ ತವರು ಸಿಕ್ಕಿದೆ.

ಹಾಗಾದರೆ ಇಂಥ ಪದ್ಧತಿಯನ್ನು ಮೇಲ್ದರ್ಜೆಗೆ ಏರಿಸಲು ದುಡ್ಡು ಸುರಿದರೆ ಅದು ಎಷ್ಟು ಕಾಲ ಬಾಳುತ್ತದೆ? 1980ರ ಸುಮಾರಿಗೆ ಬ್ರಿಟನ್ನಿನ ಹಾರ್ನ್‌ಬಿ ‘ಝೀರೊ 1’ ಎಂಬ ಡಿಜಿಟಲ್ ಪದ್ಧತಿ ತಂದಿತ್ತು. ಏಕಕಾಲಕ್ಕೆ 16 ಎಂಜಿನ್ ಓಡಿಸಬಹುದೆಂಬುದು ಆಗ ಸಣ್ಣ ಮಾತಲ್ಲ. ಆದರೆ ಅದು ಒಂದೇ ಮನೆಯ ಭಾಷೆ. ಆ ಡಿಕೋಡರುಗಳು ಡಿಸಿಸಿ ಮಾತು ತಿಳಿಯದೆ ಮೂಲೆಗುಂಪಾದವು. ಮಾನಕಕ್ಕೆ ಬದ್ಧವಾದ 1990ರ ದಶಕದ ಡಿಕೋಡರ್ ಮಾತ್ರ ಇವತ್ತಿನ ಕಮಾಂಡ್ ಸ್ಟೇಷನ್ನಿನ, ಎಂದರೆ ಆಜ್ಞೆ ಕಳಿಸುವ ಪೆಟ್ಟಿಗೆಯ, ಮಾತಿಗೂ ಓಗೊಡುತ್ತದೆ. ಹಾಗಾಗಿ ಬಣ್ಣದ ಪರದೆಯ ಆಸೆಗೆ ಪೆಟ್ಟಿಗೆ ಬದಲಿಸುವುದು ನನಗೆ ಶೋಕಿಯಾಗಿ ಕಾಣುತ್ತದೆ. ರೈಲ್‌ಕಾಮ್‌ಗೆ ಬೇಕಾದರೆ ಖರ್ಚು ಮಾಡಬಹುದು. ಇದೂ ಲೆನ್ಜ್ ಕಂಪನಿಯ ಕೂಸು. ಸಂದೇಶಗಳ ನಡುವೆ ಹಳಿಯ ವಿದ್ಯುತ್ತನ್ನು ಕ್ಷಣಮಾತ್ರ ಕಡಿದು, ಆ ಬಿಡುವಿನಲ್ಲಿ ‘ನಾನು ಇಂಥ ನಂಬರು’ ಎಂದು ಡಿಕೋಡರ್ ತಿರುಗಿ ಹೇಳಲು ಎಡೆ ಮಾಡಿಕೊಡುತ್ತದೆ. ಅಲ್ಲಿಯವರೆಗೆ ಆಜ್ಞೆ ಮಾತ್ರ ಇತ್ತು. ಈಗ ಎದುರುಲೆಕ್ಕವೂ ಬಂತು.

ದೊಡ್ಡ ರೈಲಿನಲ್ಲಿ ಇದು ಹೊಸದೇನಲ್ಲ. ನಮ್ಮ ರೈಲ್ವೆಯ ಸೆಕ್ಷನ್ ಕಂಟ್ರೋಲರ್ ಎಂಜಿನ್ನಿನ ಯಾವ ಹಿಡಿಯನ್ನೂ ಮುಟ್ಟುವುದಿಲ್ಲ. ಯಾವ ಗಾಡಿ ಯಾವ ನಿಲ್ದಾಣ ಎಷ್ಟು ಹೊತ್ತಿಗೆ ದಾಟಿತು ಎಂದು ಸ್ಟೇಷನ್ ಮಾಸ್ತರರಿಂದ ಕೇಳಿಕೊಂಡು, ಕಂಟ್ರೋಲ್ ಚಾರ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ವೇಳಾಪಟ್ಟಿ ಒಂದು ಸುರುಳಿ, ಈ ಚಾರ್ಟು ಅದರ ಎದುರುಸುರುಳಿ. ಈಗ ಆ ಗೆರೆ ಕಂಪ್ಯೂಟರಿಗೆ ಹೋಗಿದೆ.

ಮಾದರಿ ರೈಲಿನವರ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ಶುರು ಮಾಡಿದವರು ಬರ್ಕ್ಲಿಯ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸೆನ್. ಅದರ ಕಡತಗಳ ಬಳಕೆಯ ಜಗಳ ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯದವರೆಗೆ ಹೋಗಿ, ಮುಕ್ತ ತಂತ್ರಾಂಶದ ಪರವಾನಗಿಯ ಷರತ್ತುಗಳನ್ನು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗಬಹುದು ಎಂಬ 2008ರ ತೀರ್ಪಿಗೆ ಕಾರಣವಾಯಿತು. ಪುಟ್ಟ ಎಂಜಿನ್ನುಗಳ ಲೆಕ್ಕಪುಸ್ತಕ ಜಗತ್ತಿನ ತಂತ್ರಾಂಶದವರೆಲ್ಲ ಓದುವ ಮೊಕದ್ದಮೆಯಾದ ಬಗೆ ಇದು.

ಜೆಎಂಆರ್‌ಐನಲ್ಲಿ ‘ರೋಸ್ಟರ್’ ಎಂಬ ಪಟ್ಟಿಯೊಂದಿದೆ. ವಿಳಾಸ, ವೇಗ ಹಿಡಿಯುವ ನಿಧಾನ, ನಿಲ್ಲುವ ನಿಧಾನ ಮುಂತಾಗಿ ಡಿಕೋಡರಿನೊಳಗಿನ ಬೆಲೆಗಳನ್ನೆಲ್ಲ ಓದಿ ಎಂಜಿನ್ನಿಗೊಂದು ಕಡತವಾಗಿ ಇಡುತ್ತದೆ. ಹಳೆಯ ಡಿಕೋಡರ್ ಸುಟ್ಟುಹೋಗುವ ಮುಂಚೆಯೇ ಇದನ್ನು ಬರೆದಿಟ್ಟವರಿಗೆ ಹೊಸದನ್ನು ಹೊಂದಿಸುವುದು ಅರ್ಧ ಸಲೀಸು: ವಿಳಾಸದಂಥ ಮಾನಕದ ಬೆಲೆಗಳು ಹಾಗೇ ದಾಟುತ್ತವೆ, ಮೋಟಾರಿನ ಸೂಕ್ಷ್ಮ ಹದ ಕಂಪನಿಗೊಂದು ಬಗೆಯಾದ್ದರಿಂದ ಅದನ್ನು ಮತ್ತೆ ಕೈಯಾರೆ ಮಾಡಿಕೊಳ್ಳಬೇಕು.