ಮೊಲೊಕಾಯಿಯ ದಮಿಯನ್ ಪಾದ್ರಿಗಳು

ಶಾಂತಸಾಗರದ ನಡುವಣ ಹವಾಯಿ ದ್ವೀಪಸಮೂಹವು 19ನೆಯ ಶತಮಾನದಲ್ಲಿ ತನ್ನದೇ ಅರಸರನ್ನುಳ್ಳ ಸ್ವತಂತ್ರ ರಾಜ್ಯವಾಗಿದ್ದಿತು. ಹೊರನಾಡಿನ ಹಡಗುಗಳೊಡನೆ ವಾಣಿಜ್ಯವು ಬಂದಂತೆ, ಅಲ್ಲಿನ ಜನರು ಹಿಂದೆಂದೂ ಕಂಡರಿಯದ ರೋಗಗಳೂ ಬಂದಿಳಿದುವು, ಕುಷ್ಠವು ಅವುಗಳಲ್ಲೊಂದು. 1865ರಲ್ಲಿ, ಐದನೆಯ ಕಮೇಹಮೇಹನ ಆಳಿಕೆಯಲ್ಲಿ, ರೋಗಿಗಳನ್ನು ಬೇರ್ಪಡಿಸಿ ಇಡತಕ್ಕದ್ದೆಂದು ಶಾಸನವಾಯಿತು. ಅದಕ್ಕಾಗಿ ಮೊಲೊಕಾಯಿ ದ್ವೀಪದ ಉತ್ತರದಲ್ಲಿ ಕಡಲಿಗೆ ಚಾಚಿದ ನೆಲವೊಂದನ್ನು ಆರಿಸಿದರು. ಮೂರು ಕಡೆ ಸಮುದ್ರ, ಬೆನ್ನಿಗೆ ಗೋಡೆಯಂತೆ ಎದ್ದ ಬೆಟ್ಟ. ಕಾವಲುಗಾರರೇ ಬೇಡದ ಸೆರೆಮನೆ. 1866ನೆಯ ಜನವರಿಯಲ್ಲಿ ಮೊದಲ ತಂಡವು ಅಲ್ಲಿನ ಕಲಾವಾವೊ ಎಂಬಲ್ಲಿಗೆ ಸೇರಿತು. ಇವರು ಬೇಸಾಯಮಾಡಿ ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳುವರೆಂದು ಸರಕಾರದ ಎಣಿಕೆ. ಸ್ಪರ್ಶಜ್ಞಾನವಳಿದು ಬೆರಳು ಮುರುಟಿದವನು ಗುದ್ದಲಿ ಹಿಡಿಯುವುದೆಂತು ಎಂಬುದನ್ನು ಯಾರೂ ಯೋಚಿಸಿದಂತೆ ತೋರುವುದಿಲ್ಲ.

ರೋಗಿಗಳೊಡನೆ ರೋಗವಿಲ್ಲದ ಕೆಲವರೂ ಹೋದರು: ಗಂಡನನ್ನು ಬಿಡಲಾರದ ಹೆಂಡತಿ, ಮಗುವನ್ನಗಲಲಾರದ ತಾಯಿ. ಹವಾಯಿಯ ನುಡಿಯಲ್ಲಿ ಇವರಿಗೆ ‘ಕೋಕುವ’, ಎಂದರೆ ನೆರವಾಗುವವರು, ಎಂದು ಹೆಸರು. ದಮಿಯನರ ಕೀರ್ತಿಯ ಬೆಳಕಿನಲ್ಲಿ ಇವರು ಮಸುಕಾಗಿ ಹೋಗಿದ್ದಾರೆ. ಅವರ ಬರವಿಗೆ ಮೊದಲೇ ಅಲ್ಲಿ ಆರೈಕೆಯ ಭಾರವನ್ನು ಹೊತ್ತವರು ಇವರೆಂಬುದನ್ನು ಮರೆಯುವುದು ನ್ಯಾಯವಲ್ಲ.

ದಮಿಯನರ ಪೂರ್ವಾಶ್ರಮದ ಹೆಸರು ಯೋಸೆಫ್ ಡಿ ವ್ಯೂಸ್ಟರ್. 1840ನೆಯ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯ ಒಕ್ಕಲುಮನೆಯಲ್ಲಿ ಹುಟ್ಟಿದರು. ಹವಾಯಿಗೆ ಹೊರಡಬೇಕಾಗಿದ್ದವರು ಇವರಣ್ಣ. ಆತನು ಜ್ವರದಿಂದ ಮಲಗಲು, ತಮ್ಮನು ಅವನ ಬದಲು ಹಡಗನ್ನೇರಿದನು. 1864ರ ಮಾರ್ಚಿಯಲ್ಲಿ ಹೊನೊಲುಲು ಸೇರಿ, ಮೇ ತಿಂಗಳಲ್ಲಿ ಗುರುದೀಕ್ಷೆ ಪಡೆದರು. ಒಂಬತ್ತು ವರ್ಷಗಳ ಬಳಿಕ, ಕಲಾವಾವೊಗೆ ಸರದಿಯ ಮೇಲೆ ಹೋಗುವವರಾರೆಂದು ಬಿಷಪರು ಕೇಳಿದಾಗ ನಾಲ್ವರು ಮುಂದೆ ಬಂದರು. ಮೊದಲನೆಯ ಸರದಿ ದಮಿಯನರದು. 1873ನೆಯ ಮೇ 10ರಂದು ಹೋದವರು ಅಲ್ಲಿಯೇ ನಿಂತುಬಿಟ್ಟರು. ಉಳಿದವರ ಸರದಿ ಬರಲೇ ಇಲ್ಲ. ಅದೇ ವರ್ಷ ನಾರ್ವೆ ದೇಶದಲ್ಲಿ ಹಾನ್ಸೆನ್ ಎಂಬ ವೈದ್ಯನು ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. ಆದರೆ ಅದನ್ನು ಗೆಲ್ಲಬಲ್ಲ ಔಷಧವು ದೊರೆಯಲು 1940ರ ದಶಕದವರೆಗೆ ಕಾಯಬೇಕಾಯಿತು.

ಇಗರ್ಜಿಯ ಮಗ್ಗುಲಿನ ಮರದಡಿಯಲ್ಲಿ ದಮಿಯನರು ಮೊದಲ ರಾತ್ರಿಗಳನ್ನು ಕಳೆದರು. ಹುಣ್ಣು ತೊಳೆದು ಕಟ್ಟುವುದು, ಮನೆ ಕಟ್ಟುವುದು, ನೀರಿಗೆ ಕೊಳವೆ ಹಾಕಿಸುವುದು, ಶವಪೆಟ್ಟಿಗೆಗೆ ಮೊಳೆ ಹೊಡೆಯುವುದು, ಗೋರಿ ತೋಡುವುದು, ಇವೆಲ್ಲವೂ ಅವರ ಪಾದ್ರಿತನದೊಳಗೇ ಸೇರಿದುವು. ರೋಗಿಗಳ ತಟ್ಟೆಯಲ್ಲಿಯೇ ಕೈಯಿಟ್ಟು ಉಂಡರು. ಸ್ವಭಾವವು ಮಾತ್ರ ಮೃದುವಲ್ಲ. ಮರ ಬೇಕು, ಬಟ್ಟೆ ಬೇಕು ಎಂದು ಆರೋಗ್ಯ ಮಂಡಲಿಯವರನ್ನು ಕಾಡಿದರು, ಮೇಲಿನ ಪಾದ್ರಿಗಳೊಡನೆಯೂ ಜಗಳವಾಡಿದರು. ಒಮ್ಮೆ ಅವರ ಮೇಲಧಿಕಾರಿಯು ಹಡಗಿನಲ್ಲಿ ಬಂದಾಗ ನಾಯಕನು ಆತನನ್ನು ಇಳಿಯಗೊಡಲಿಲ್ಲ, ದಮಿಯನರನ್ನು ಹತ್ತಗೊಡಲೂ ಇಲ್ಲ. ದೋಣಿಯಲ್ಲಿ ನಿಂತುಕೊಂಡೇ ತಮ್ಮ ಪಾಪನಿವೇದನೆಯನ್ನು ಎಲ್ಲರ ಮುಂದೆ ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿದರು.

1884ರ ಕೊನೆಯಲ್ಲಿ ಒಂದು ದಿನ ದಣಿದ ಕಾಲುಗಳನ್ನು ಬಿಸಿನೀರಿನಲ್ಲಿಟ್ಟರು. ಚರ್ಮ ಬೆಂದಿತು, ನೋವು ತಿಳಿಯಲಿಲ್ಲ. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆಯೂ ಸುತ್ತಿಗೆಯನ್ನು ಕೆಳಗಿಡಲಿಲ್ಲ. 1886ರಲ್ಲಿ ಅಮೇರಿಕದ ಮಾಜಿ ಸೈನಿಕ ಜೋಸೆಫ್ ಡಟನ್, 1888ರಲ್ಲಿ ಮೇರಿಯಾನ್ ಕೋಪ್ ಎಂಬ ಸನ್ಯಾಸಿನಿಯೂ ಸಂಗಡಿಗರೂ ಬಂದು ಕೆಲಸವನ್ನು ಕೈಗೆತ್ತಿಕೊಂಡರು. 1889ನೆಯ ಏಪ್ರಿಲ್ 15ರಂದು ದಮಿಯನರು ತೀರಿಕೊಂಡರು.

ಆ ವರ್ಷವೇ ಹೊನೊಲುಲುವಿನ ಹೈಡ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿಯು ಅವರನ್ನು ಒರಟನೆಂದೂ ಕೊಳಕನೆಂದೂ, ರೋಗವು ತನ್ನ ದೋಷದಿಂದಲೇ ಬಂದಿತೆಂದೂ ಬರೆದನು. ಪ್ರಸಿದ್ಧ ಲೇಖಕ ಸ್ಟೀವನ್ಸನ್ನನು 1890ರಲ್ಲಿ ಬಹಿರಂಗ ಪತ್ರದಿಂದ ಉತ್ತರಕೊಟ್ಟನು. ಆತನೂ ಪ್ರಾಟೆಸ್ಟೆಂಟನೇ, ದಮಿಯನರ ಕುಂದುಗಳನ್ನು ಮುಚ್ಚಿಡದೆ ಒಪ್ಪಿಕೊಂಡದ್ದರಿಂದಲೇ ಆ ಸಮರ್ಥನೆಗೆ ಬೆಲೆ ಬಂದಿತು.

ಅವರ ದೇಹವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ದರು. 2009ರಲ್ಲಿ ರೋಮಿನಲ್ಲಿ ಸಂತರೆಂದು ಸಾರಲಾಯಿತು. ಹವಾಯಿಯ ಬೇರ್ಪಡಿಕೆಯ ಕಟ್ಟಳೆಯು 1969ರಲ್ಲಿ ರದ್ದಾದರೂ, ಬೇರೆ ಮನೆಯನ್ನರಿಯದ ಹಲವರು ಅಲ್ಲಿಯೇ ಉಳಿದರು. ಕಲಾವಾವೊವಿನ ಹಳೆಯ ಗೋರಿಗೆ 1995ರಲ್ಲಿ ಅವರ ಬಲಗೈಯ ಅವಶೇಷವು ಮಾತ್ರ ಹಿಂದಿರುಗಿತು.